ಹೆಸರು ಹಿಡಿದು ಕೂಗಿದ ಮಧ್ಯಾಹ್ನ

ನಾನು ಒಂದು ಕೈಮೈಕು. ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ದತ್ತೂರಿ ಹೂವಿನ ಹಾಗೆ ಅರಳಿದ ಬಾಯಿ. ಕೆಳಗೊಂದು ಹಿಡಿಕೆ, ಹಿಡಿಕೆಯಲ್ಲೊಂದು ಗುಂಡಿ. ಗುಂಡಿ ಒತ್ತಿ ಹಿಂದಿನಿಂದ ಮಾತಾಡಿದರೆ ಮುಂದಿನಿಂದ ಅದೇ ಮಾತು ದೊಡ್ಡದಾಗಿ ಹೊರಡುತ್ತದೆ. ಪಕ್ಕದಲ್ಲಿ ಇನ್ನೊಂದು ಕೆಂಪು ಗುಂಡಿ ಇದೆ, ಅದು ಸೈರನ್ನಿನದು. ನನ್ನ ಸಂಪತ್ತು ಇಷ್ಟೇ.

ಹುಟ್ಟಿದ್ದು ಬಹಳ ದೂರದ ಒಂದು ದೊಡ್ಡ ಊರಿನ ತಗಡಿನ ಶೆಡ್ಡಿನಲ್ಲಿ. ಸಾಲಾಗಿ ಕುಳಿತ ಹೆಂಗಸರು ವೈರುಗಳಿಗೆ ಬೆಸುಗೆ ಹಾಕುತ್ತಿದ್ದರು. ಬೆಸುಗೆಯ ಹೊಗೆ ಎಲ್ಲರ ಮೂಗಿಗೂ ಹೋಗುತ್ತಿತ್ತು. ಕೊನೆಯಲ್ಲಿ ಕುಳಿತವಳ ಕೆಲಸ ಒಂದೊಂದನ್ನೂ ಬಾಯಿಗೆ ಹಿಡಿದು "ಹಲೋ" ಅನ್ನುವುದು. ನನ್ನನ್ನು ಎತ್ತಿಕೊಂಡಾಗ ಅವಳಿಗೆ ಕೆಮ್ಮು ಬಂತು. ಹಾಗಾಗಿ ಲೋಕಕ್ಕೆ ನಾನು ಕೇಳಿಸಿದ ಮೊದಲ ಸದ್ದು ಒಬ್ಬ ಹೆಂಗಸಿನ ಕೆಮ್ಮು. ಇಡೀ ಶೆಡ್ಡು ನಕ್ಕಿತು. ಅವಳೂ ನಕ್ಕಳು. ನಗುವೂ ನನ್ನ ಬಾಯಿಂದ ದೊಡ್ಡದಾಗಿ ಹೊರಟಿತು. ಬದುಕು ಹೀಗೇ ಇರುತ್ತದೆ ಅಂದುಕೊಂಡೆ.

ಅಲ್ಲಿಂದ ರಟ್ಟಿನ ಡಬ್ಬಿಯಲ್ಲಿ ಹುಬ್ಬಳ್ಳಿಯ ಅಂಗಡಿಗೆ, ಅಂಗಡಿಯಿಂದ ತಳಗಿಹಾಳಕ್ಕೆ ಬಂದೆ. ತಳಗಿಹಾಳ ಬಾಗಲಕೋಟೆ ಕಡೆಯ ನೇಕಾರರ ಊರು. ಬೆಳಗಾದರೆ ಸಾಕು, ಮನೆಮನೆಯಲ್ಲೂ ವಿದ್ಯುತ್ ಮಗ್ಗ ಖಟಾಖಟಾ ಅನ್ನಲು ಶುರುಮಾಡುತ್ತದೆ. ಆ ಸದ್ದಿಗೆ ಅಲ್ಲಿಯ ಜನರೆಲ್ಲ ಜೋರಾಗಿಯೇ ಮಾತಾಡುತ್ತಾರೆ. ಗುಟ್ಟು ಹೇಳುವವರೂ ಕೂಗಿಯೇ ಹೇಳುತ್ತಾರೆ. ಅಂಥ ಊರಿನ ಟೆಂಪೋ ಸ್ಟ್ಯಾಂಡಿನ ಏಜೆಂಟ್ ಈರಸಂಗಪ್ಪ ನನ್ನ ಮೊದಲ ಯಜಮಾನ. ಗಂಟಲು ಹರಿದುಹೋಗಿದ್ದ ಮನುಷ್ಯ. ನನ್ನನ್ನು ಹಿಡಿದ ಮೊದಲ ದಿನ, "ಗುಳೇದಗುಡ್ಡ, ಬಾದಾಮಿ, ಕೆರೂರ, ಏ ಹತ್ರಪೋ ಹತ್ರಿ" ಅಂತ ಕೂಗಿ, ತನ್ನದೇ ದನಿ ಕೇಳಿ ಹುಡುಗನ ಹಾಗೆ ಹಿಗ್ಗಿದ. ಕೆಲವು ವರ್ಷ ನಾನು ಊರುಗಳ ಹೆಸರು ಬಿಟ್ಟು ಬೇರೇನೂ ಹೇಳಲಿಲ್ಲ. ಆಮೇಲೆ ಸರ್ಕಾರಿ ಬಸ್ಸುಗಳು ಹೆಚ್ಚಾದವು, ಟೆಂಪೋಗಳು ಕಡಿಮೆಯಾದವು. ಈರಸಂಗಪ್ಪ ಚಹಾದ ಡಬ್ಬಿ ಅಂಗಡಿ ಇಟ್ಟ. ನಾನು ಬಿಸ್ಕತ್ತಿನ ಡಬ್ಬಿಗಳ ಹಿಂದೆ ಧೂಳು ತಿನ್ನುತ್ತ ಕುಳಿತೆ.

ಅಲ್ಲಿಗೆ ಒಂದು ಸಂಜೆ ನೀಲಗಂಗಾ ಬಂದಳು.

ಇವಳ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ನನ್ನ ಬದುಕು ಅಂದರೆ ಬಹುಪಾಲು ಇವಳೇ. ಅಪ್ಪನದು ಬೇರೆಯವರ ಮನೆಯ ಮಗ್ಗದಲ್ಲಿ ಕೂಲಿ ನೇಯ್ಗೆ, ಅವ್ವ ನೂಲು ಸುತ್ತುವವಳು. ನೀಲಾ ಬಿ.ಎ. ಓದುತ್ತಿದ್ದಳು. ತೆಳ್ಳಗಿನ ಹುಡುಗಿ, ನಡೆಯುವಾಗ ಯಾವಾಗಲೂ ಎಲ್ಲಿಗೋ ತಡವಾದವಳ ಹಾಗೆ ನಡೆಯುತ್ತಿದ್ದಳು. ಓಣಿಯ ಹತ್ತಿಪ್ಪತ್ತು ಹುಡುಗ ಹುಡುಗಿಯರನ್ನು ಸೇರಿಸಿಕೊಂಡು 'ಓಣಿ ಬಳಗ' ಅಂತ ಮಾಡಿಕೊಂಡಿದ್ದಳು. ಗಟಾರ ತುಂಬಿದರೆ ಪುರಸಭೆಗೆ ಹೋಗಿ ಕೂರುವುದು, ರಕ್ತ ಬೇಕಾದವರಿಗೆ ಹುಡುಗರನ್ನು ಕಳಿಸುವುದು, ಮುದುಕಿಯರ ಪಿಂಚಣಿಗೆ ಓಡಾಡುವುದು, ಇಂಥವು.

"ಕಾಕಾ, ಆ ಮೈಕ ನಮಗ ಕೊಡ್ತೀರೇನ್ರಿ?" ಅಂದಳು. "ರವಿವಾರ ಪೋಲಿಯೋ ಹನಿ ಹಾಕೂದೈತಿ. ಮಗ್ಗದ ಸಪ್ಪಳದಾಗ ನಮ್ಮ ದನಿ ಯಾರಿಗೂ ಕೇಳಂಗಿಲ್ಲ."

ಈರಸಂಗಪ್ಪ ನನ್ನನ್ನು ಎತ್ತಿ, ಟವೆಲ್ಲಿನಿಂದ ಒರೆಸಿ ಅವಳ ಕೈಗಿಟ್ಟ. "ಒಯ್ಯವ್ವ. ನಾ ಬರೇ ಊರು ಬಿಟ್ಟು ಹೋಗಾವ್ರನ್ನ ಕೂಗೇನಿ. ನೀ ಊರಾಗ ಇರಾವ್ರನ್ನ ಕೂಗು."

ಮುಂದಿನ ಎರಡು ವರ್ಷ ನನ್ನ ಬದುಕಿನ ಚೆಲುವಾದ ಕಾಲ. ಬಳಗದಲ್ಲಿ ನನ್ನನ್ನು ಹೆಚ್ಚಾಗಿ ಹಿಡಿಯುತ್ತಿದ್ದವರು ಮೂವರು. ನೀಲಾ, ಬಣ್ಣದ ಮನೆಯಲ್ಲಿ ನೂಲಿಗೆ ಬಣ್ಣ ಹಾಕುತ್ತ ಉಗುರುಗಳಲ್ಲಿ ಸದಾ ನೀಲಿಯೋ ಕೆಂಪೋ ಉಳಿಸಿಕೊಂಡಿದ್ದ ಮೌಲಾಲಿ, ಮತ್ತು ಮಗ್ಗದ ಹುಡುಗ ಶಿವಪುತ್ರ. ಶಿವಪುತ್ರನ ದನಿಗೆ ನಾನೇ ಬೇಕಿರಲಿಲ್ಲ, ಅಷ್ಟು ಕಂಚಿನ ಕಂಠ. ಮಾತಿಗೊಂದು ನಗೆ ಸೇರಿಸಿ ಹೇಳುತ್ತಿದ್ದ. "ಏ ಯವ್ವಗಳಿರಾ, ಕೂಸುಗಳನ್ನ ಕರಕೊಂಡ ಬರ್ರಿ, ಎರಡ ಹನಿ ಹಾಕಿ ವಾಪಸ್ ಕೊಡ್ತೇವಿ, ಇಟಗೊಳ್ಳಂಗಿಲ್ಲ" ಅಂದರೆ ಕಿಟಕಿಗಳಲ್ಲಿ ನಗು ಕೇಳಿಸುತ್ತಿತ್ತು, ಬಾಗಿಲು ತೆರೆಯುತ್ತಿದ್ದವು. ಮತದಾನದ ದಿನ ಕಾಲು ಊದಿದ ಮುದುಕಿಯೊಬ್ಬಳನ್ನು ಅವನು ಬೆನ್ನ ಮೇಲೆ ಹೊತ್ತು ಮತಗಟ್ಟೆಗೆ ಒಯ್ದದ್ದನ್ನು ನಾನು ಅವನ ಹೆಗಲಿಗೆ ನೇತುಬಿದ್ದೇ ನೋಡಿದೆ. ಮುದುಕಿ ಮತ ಹಾಕಿ ಬಂದವಳು ಶಾಯಿಯ ಬೆರಳನ್ನು ಅವನ ಕೆನ್ನೆಗೆ ಒರೆಸಿ, "ನಿನ್ನ ಹೊಟ್ಟಿ ತಣ್ಣಗಿರಲಿ" ಅಂದಳು.

ನೀಲಾ ಬೇರೆ ಥರ. ಅವಳು ಮೈಕಿನಲ್ಲಿ ಕಡಿಮೆ ಮಾತಾಡುತ್ತಿದ್ದಳು, ಹೊಸ್ತಿಲಲ್ಲಿ ನಿಂತು ಹೆಚ್ಚು ಮಾತಾಡುತ್ತಿದ್ದಳು. ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾವ ಮಗುವಿಗೆ ಜ್ವರ, ಯಾವ ಸೊಸೆ ಬಸುರಿ, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಬಾಗಿಲಿನ ಮುಂದೆ ನಿಂತರೆ ಸಾಕು, ಒಳಗಿರುವವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದಳು. ಒಮ್ಮೆ ಕಲ್ಲವ್ವ ಅನ್ನುವ ಹೆಂಗಸು ನನ್ನನ್ನು ಕೈಗೆ ತೆಗೆದುಕೊಂಡು, ಕಳೆದುಹೋಗಿದ್ದ ತನ್ನ ಆಡನ್ನು ಕೂಗಿ ಕರೆದಳು. ಆಡು ಬರಲಿಲ್ಲ, ಓಣಿಯ ಮಕ್ಕಳೆಲ್ಲ ಬಂದರು. ಇಂಥ ದಿನಗಳು.

ಆ ವರ್ಷದ ಬೇಸಿಗೆಯಲ್ಲಿ ನೀಲಾ ಕೊನೆಯ ಪರೀಕ್ಷೆ ಬರೆಯಲು ಬಾಗಲಕೋಟೆಗೆ ಹೋದಳು, ಸೋದರಮಾವನ ಮನೆಯಲ್ಲಿ ಉಳಿದುಕೊಂಡಳು. ನನ್ನನ್ನು ಶಿವಪುತ್ರನ ಮನೆಯ ಮೊಳೆಗೆ ನೇತುಹಾಕಿ ಹೋಗಿದ್ದಳು.

ಆಗ ಮೊಬೈಲುಗಳಲ್ಲಿ ಒಂದು ವಿಡಿಯೋ ಬಂತು. ಬೈಕಿನ ಮೇಲೆ ಬಂದ ಇಬ್ಬರು, ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಎಲ್ಲಿಯದು, ಯಾವಾಗಿನದು, ಯಾರಿಗೂ ಗೊತ್ತಿಲ್ಲ. ಅದರ ಕೆಳಗೆ, ಮಕ್ಕಳ ಕಳ್ಳರ ದೊಡ್ಡ ಗುಂಪು ನಮ್ಮ ಜಿಲ್ಲೆಗೆ ಇಳಿದಿದೆ ಅಂತ ಬರೆದಿತ್ತು. ಮೊದಲು ಜನ ನೋಡಿ ಸುಮ್ಮನಾದರು. ಆಮೇಲೆ ಒಂದು ಸಂಜೆ ಶಿವಪುತ್ರನ ಅಕ್ಕನ ಮಗಳು, ನಾಲ್ಕು ವರ್ಷದ ಹುಡುಗಿ, ಕಾಣಿಸಲಿಲ್ಲ. ಶಿವಪುತ್ರ ಓಣಿ ಓಣಿ ಓಡಿದ. ಕಡೆಗೆ ಮಗು ಪಕ್ಕದ ಮನೆಯ ನೂಲಿನ ಚೀಲಗಳ ಮೇಲೆ ನಿದ್ದೆಹೋಗಿದ್ದು ಸಿಕ್ಕಿತು. ಸಿಕ್ಕ ಮಗುವನ್ನು ಅವನು ಎಷ್ಟು ಬಿಗಿಯಾಗಿ ಅಪ್ಪಿಕೊಂಡನೆಂದರೆ ಅದು ಎಚ್ಚರವಾಗಿ ಅಳತೊಡಗಿತು. ಅವನೂ ಅತ್ತ.

ಮರುದಿನ ಬೆಳಗ್ಗೆ ಅವನು ನನ್ನನ್ನು ಮೊಳೆಯಿಂದ ಇಳಿಸಿದ.

"ಊರ ಜನರ ಗಮನಕ್ಕ. ಮಕ್ಕಳ ಕಳ್ಳರು ಬಂದಾರ. ಗುರುತಿಲ್ಲದಾವ್ರು ಯಾರರ ಕಂಡ್ರ ಬಿಡಬ್ಯಾಡ್ರಿ. ಹಿಡದ ಕೂಡಸ್ರಿ. ನಮಗ ತಿಳಸ್ರಿ, ಓಣಿ ಬಳಗದವ್ರು ಬರ್ತೇವಿ."

ಅದೇ ದನಿ. ಪೋಲಿಯೋ ಹನಿಗೆ ಕರೆದ ದನಿ, ಮತಗಟ್ಟೆಗೆ ಕರೆದ ದನಿ. ಅದಕ್ಕೇ ಜನ ನಂಬಿದರು. ಮೊಬೈಲಿನಲ್ಲಿ ನೋಡಿ ನಂಬದೆ ಇದ್ದವರೂ ನನ್ನ ಬಾಯಿಂದ ಕೇಳಿ ನಂಬಿದರು. "ಬಳಗದ ಹುಡುಗರು ಹೇಳ್ಯಾರಂದ್ರ ಖರೇನ ಇರಬೇಕು" ಅಂತ ಹೆಂಗಸರು ಆಡಿಕೊಂಡರು. ನನಗೆ ಆಗ ತಿಳಿಯಲಿಲ್ಲ. ಎಲ್ಲರ ಒಳ್ಳೆಯದಕ್ಕೇ ಹೇಳುತ್ತಿದ್ದಾನೆ ಅನ್ನಿಸಿತ್ತು. ಅವನಿಗೂ ಹಾಗೇ ಅನ್ನಿಸಿತ್ತು.

ಬಳಗದ ಹುಡುಗರು ಸರದಿಯ ಮೇಲೆ ಊರ ಬಾಗಿಲಲ್ಲಿ ಕಾವಲು ನಿಂತರು. ಮೊದಲ ದಿನ ಬರಿಗೈ, ಆಮೇಲೆ ಕೈಯಲ್ಲಿ ಬಡಿಗೆ. ಪಾತ್ರೆಯ ವ್ಯಾಪಾರಿಯೊಬ್ಬನನ್ನು ನಿಲ್ಲಿಸಿ ಗಂಟು ಬಿಚ್ಚಿಸಿದರು. ಕೋಲೆ ಬಸವನೊಂದಿಗೆ ಬಂದ ಭಿಕ್ಷುಕನನ್ನು ಊರ ಹೊರಗೆ ಅಟ್ಟಿದರು. ಮೌಲಾಲಿಗೆ ಇದು ಸರಿಬರಲಿಲ್ಲ.

"ಶಿವೂ, ಪೊಲೀಸರಿಗೆ ಹೇಳೂಣಲೇ. ಬಡಿಗಿ ಯಾಕ?" ಅಂದ.

"ನಿನ್ನ ಮನ್ಯಾಗ ಸಣ್ಣ ಕೂಸ ಇಲ್ಲ. ನಿನಗ ತಿಳಿಯಂಗಿಲ್ಲ," ಅಂದ ಶಿವಪುತ್ರ.

ಮೌಲಾಲಿ ಸಂಜೆ ನೀಲಾಗೆ ಫೋನ್ ಮಾಡಿ, ನಾಳೆ ಪರೀಕ್ಷೆ ಮುಗಿದ ಕೂಡಲೇ ಬಾ, ಇಲ್ಲಿ ಸರಿ ಇಲ್ಲ ಅಂದ. ಮರುದಿನ ಮುಂಜಾನೆ ಅವನೇ ನನಗೆ ಹೊಸ ಸೆಲ್ಲುಗಳನ್ನು ಹಾಕಿದ. ಅದು ತಿಂಗಳಿಗೊಮ್ಮೆ ಅವನ ಪಾಲಿನ ಕೆಲಸ, ಅಭ್ಯಾಸದ ಮೇಲೆ ಮಾಡಿದ.

ಅವತ್ತು ಮಧ್ಯಾಹ್ನ ಊರಿನ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ತಳಗಿಹಾಳದಲ್ಲಿ ಅಂಥ ಮೌನ ಅಪರೂಪ, ಗುಬ್ಬಿ ಚಿಲಿಪಿಲಿ ಅಂದದ್ದೂ ಕೇಳಿಸುತ್ತಿತ್ತು. ಕೆಲಸವಿಲ್ಲದ ಗಂಡಸರು, ಹೆಂಗಸರು ಬಿಸಿಲಿಗೆ ಬೈಯುತ್ತ ಕಟ್ಟೆಗಳಿಗೆ ಬಂದು ಕುಳಿತರು. ಆಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮನುಷ್ಯ ಇಳಿದ. ಕಪ್ಪಗೆ, ಸಣಕಲಾಗಿ, ಅಂಗಿಯ ತುಂಬ ಇಟ್ಟಿಗೆಯ ಕೆಂಪು ಧೂಳು. ಅವನ ಕೈಯಲ್ಲಿ ಆರೇಳು ವರ್ಷದ ಹುಡುಗಿ. ಹುಡುಗಿ ಕೈ ಬಿಡಿಸಿಕೊಳ್ಳಲು ಎಳೆಯುತ್ತ ಜೋರಾಗಿ ಅಳುತ್ತಿದ್ದಳು. ಅವನು ಜೇಬಿನಿಂದ ಬಿಸ್ಕತ್ತು ತೆಗೆದು ಅವಳ ಬಾಯಿಗೆ ಹಿಡಿದ. ಅವಳು ಅದನ್ನು ತಳ್ಳಿದಳು.

ಇಷ್ಟೇ ಅವನು ಮಾಡಿದ್ದು.

"ಏ, ಯಾರೋ ನೀ? ಯಾರ ಕೂಸದು?" ಅಂತ ಒಬ್ಬ ಕೇಳಿದ. ಅವನಿಗೆ ಕನ್ನಡ ಬರದು. ಏನೋ ಹೇಳಿದ, ಯಾರಿಗೂ ತಿಳಿಯಲಿಲ್ಲ. ಹುಡುಗಿಯನ್ನು ಕೇಳಿದರು: "ಇಂವ ನಿಮ್ಮಪ್ಪನೇನ?" ಹುಡುಗಿ ಉತ್ತರಿಸಲಿಲ್ಲ. ಕೇಳಿದವರ ಬಾಯನ್ನೇ ನೋಡುತ್ತ ಇನ್ನೂ ಜೋರಾಗಿ ಅತ್ತಳು. ಯಾರೋ ಅವಳನ್ನು ಕಿತ್ತುಕೊಂಡರು. ಅವನು ಕೈ ಚಾಚಿದ. ಮೊದಲ ಏಟು ಆ ಚಾಚಿದ ಕೈಯ ಮೇಲೆ ಬಿತ್ತು.

ಶಿವಪುತ್ರ ಓಡಿಬಂದು ಕಟ್ಟೆ ಹತ್ತಿದ. ಕೆಂಪು ಗುಂಡಿ ಒತ್ತಿದ. ನನ್ನ ಸೈರನ್ ಆ ಮೌನದಲ್ಲಿ ಊರ ತುದಿಯವರೆಗೆ ಹೋಯಿತು.

"ಸಿಕ್ಕಾನ! ಕಳ್ಳ ಸಿಕ್ಕಾನ! ಎಲ್ಲಾರೂ ಬರ್ರಿ, ಬಸ್ ಸ್ಟ್ಯಾಂಡಿಗೆ ಬರ್ರಿ!"

ಬಂದರು. ಎಲ್ಲ ದಿಕ್ಕಿನಿಂದಲೂ ಬಂದರು. ನಾನು ಕರೆದಾಗ ಇಷ್ಟು ಜನ ಯಾವತ್ತೂ ಬಂದಿರಲಿಲ್ಲ. ಕಟ್ಟೆಯ ಮೇಲಿಂದ ನನಗೆ ಎಲ್ಲರ ಮುಖ ಕಾಣುತ್ತಿತ್ತು. ಹೊರಗಿನವರು ಒಬ್ಬರೂ ಇರಲಿಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿ ಹನಿ ಹಾಕಿಸಿದ್ದ ದಾನಪ್ಪನ ಕೈಯಲ್ಲಿ ಮಗ್ಗದ ಕಟ್ಟಿಗೆ. ರಕ್ತ ಕೊಡಲು ನಮ್ಮ ಜೊತೆ ಆಸ್ಪತ್ರೆಗೆ ಬಂದಿದ್ದ ಮಹಾಲಿಂಗನ ಕಾಲಲ್ಲಿ ಬೂಟು, ಆ ಬೂಟು ಮೇಲೆ ಕೆಳಗೆ ಹೋಗುತ್ತಿತ್ತು. ಆಡು ಕಳೆದುಕೊಂಡಿದ್ದ ಕಲ್ಲವ್ವ ಚಪ್ಪಲಿ ಬಿಚ್ಚಿ ಹಿಡಿದಿದ್ದಳು. ಒಬ್ಬ ಮುದುಕ, ನಿಲ್ಲಲೂ ಆಗದವನು, ಬಂದು ಕೋಲಿನಿಂದ ಒಂದೇಟು ಹಾಕಿ ಹಿಂದೆ ಸರಿದ, ದೇವರಿಗೆ ಹೂವು ಹಾಕಿ ಸರಿದವರ ಹಾಗೆ. ನಾಲ್ಕಾರು ಹುಡುಗರು ಮೊಬೈಲ್ ಎತ್ತಿ ಹಿಡಿದಿದ್ದರು. ಸೈರನ್ ಕೂಗುತ್ತಲೇ ಇತ್ತು. ಸೆಲ್ಲು ತೀರಿಹೋಗಲಿ, ವೈರು ಹರಿದುಹೋಗಲಿ ಅಂತ ನಾನು ಬೇಡಿದೆ. ಸೆಲ್ಲುಗಳು ಹೊಸವು. ನನ್ನ ದನಿ ಅವತ್ತಿನಷ್ಟು ಸ್ಪಷ್ಟವಾಗಿ ಯಾವತ್ತೂ ಇರಲಿಲ್ಲ.

ಮೌಲಾಲಿ ಒಳಗೆ ನುಗ್ಗಿ ಆ ಮನುಷ್ಯನ ಮೇಲೆ ಅಡ್ಡ ಬಿದ್ದ. ಯಾರೋ ಅವನ ಕಾಲರ್ ಹಿಡಿದು ಹೊರಗೆಳೆದರು. ಮತ್ತೆ ನುಗ್ಗಿದ. "ಇವನೂ ಅವರ ಪೈಕಿನ" ಅಂತ ಒಂದು ದನಿ ಕೇಳಿತು. ಆ ದನಿ ಬಂದ ಮೇಲೆ ಅವನಿಗೂ ಏಟು ಬಿದ್ದವು.

ಆಗ ಬಾಗಲಕೋಟೆಯ ಬಸ್ಸು ಬಂದು ನಿಂತಿತು. ನೀಲಾ ಹೆಗಲ ಚೀಲದೊಂದಿಗೆ ಇಳಿದಳು. ನನ್ನ ಸೈರನ್ ಕೇಳಿ ಕಟ್ಟೆಯ ಕಡೆ ನೋಡಿದಳು. ಚೀಲ ಅಲ್ಲೇ ಬಿಸಾಡಿ ಓಡಿಬಂದು ಕಟ್ಟೆ ಹತ್ತಿ ಶಿವಪುತ್ರನ ಕೈ ಹಿಡಿದಳು. "ಶಿವೂ, ಏನ ಮಾಡಾಕತ್ತೀ?" ಅಂದಳು. ಅವನು ಅವಳನ್ನು ನೋಡಿದ. ಗುರುತೇ ಹತ್ತಲಿಲ್ಲ. ನಾನು ಅವನ ಕಣ್ಣಿನ ಪಕ್ಕದಲ್ಲೇ ಇದ್ದೆ, ಆ ಕಣ್ಣುಗಳಲ್ಲಿ ಯಾರೂ ಇರಲಿಲ್ಲ. ಅವಳು ನನ್ನನ್ನು ಜಗ್ಗಿದಳು. ಪಟ್ಟಿ ಹರಿಯಿತು. ಸೈರನ್ ನಿಂತಿತು.

"ಬಿಡ್ರಿ! ಹೊಡಿಬ್ಯಾಡ್ರಿ! ಬಿಡ್ರಿ ಅವನ್ನ!"

ಯಾರೂ ಕೇಳಲಿಲ್ಲ. ತಲೆ ಕೂಡ ಎತ್ತಲಿಲ್ಲ. ಮತ್ತೊಮ್ಮೆ ಕೂಗಿದಳು, ದನಿ ಒಡೆಯಿತು. ಅವಳ ಉಸಿರು ನನ್ನ ಬೆನ್ನಿಗೆ ಬಿಸಿಯಾಗಿ ಬಡಿಯುತ್ತಿತ್ತು. ಕೆಳಗೆ ಕೈಕಾಲುಗಳ ರಾಶಿ, ಅದರಲ್ಲಿ ಯಾರು ಯಾರು ಅಂತ ಹೇಳುವಂತಿರಲಿಲ್ಲ. ಅವಳು ಆ ರಾಶಿಯಲ್ಲಿ ಒಂದೊಂದು ಮುಖವನ್ನೂ ಹುಡುಕಿ ನೋಡಿದಳು. ಆಮೇಲೆ ಅವಳ ದನಿ ಬದಲಾಯಿತು. ಹೊಸ್ತಿಲಲ್ಲಿ ನಿಂತು ಕರೆಯುವ ದನಿ ಅದು.

"ದಾನಪ್ಪ ಕಾಕಾ. ನಾ ನೀಲಾ. ನಿಮ್ಮ ಕೈಯಾಗಿನ ಕಟಿಗಿ ನನಗ ಕಾಣಾಕತ್ತೈತಿ."

ದಾನಪ್ಪನ ಕೈ ಮೇಲೆಯೇ ನಿಂತಿತು.

"ಮಹಾಲಿಂಗ, ಕಾಲು ಹಿಂದ ತಗಿ. ಹೋದ ತಿಂಗಳ ನೀ ರಕ್ತಾ ಕೊಟ್ಟ ಬಂದೀ. ಇವತ್ತ ನೀ ತಗಿಯಾಕತ್ತಿದ್ದೂ ರಕ್ತನ."

ಮಹಾಲಿಂಗ ತಿರುಗಿ ನೋಡಿದ.

"ಕಲ್ಲವ್ವ ಅತ್ತಿ, ಚಪ್ಪಲ ಕಾಲಾಗ ಹಾಕೋರಿ. ಗದಿಗೆಪ್ಪ ಮಾಮಾ, ನಿಮ್ಮ ಮಗಳು ಬಾಗಲದಾಗ ನಿಂತ ನೋಡಾಕತ್ತಾಳ. ಸಂಗಮೇಶ, ಮೊಬೈಲ ಕೆಳಗ ಇಳಸು. ಚನಮಲ್ಲ, ನಾ ನಿನ್ನೂ ನೋಡೇನಿ, ಹಿಂದ ಅಡಗಬ್ಯಾಡ."

ಒಂದೊಂದೇ ಹೆಸರು. ಅವಳು ಬೈಯಲಿಲ್ಲ, ಅಳಲಿಲ್ಲ, ನಿಲ್ಲಿಸಲೂ ಇಲ್ಲ. ಹೆಸರು ಕೇಳಿದವನು ಕೇಳಿದ ಕಡೆಯೇ ನಿಂತುಬಿಡುತ್ತಿದ್ದ, ನಿದ್ದೆಯಿಂದ ಯಾರೋ ತಟ್ಟಿ ಎಬ್ಬಿಸಿದ ಹಾಗೆ ತನ್ನ ಕೈ ತಾನು ನೋಡಿಕೊಳ್ಳುತ್ತಿದ್ದ. ತಮ್ಮ ಹೆಸರು ಬರುವ ಮೊದಲೇ ಕೆಲವರು ಸಂದಿಗಳಲ್ಲಿ ಜಾರಿದರು. ರಾಶಿ ಕರಗಿತು. ನಡುವೆ ಆ ಮನುಷ್ಯ ಮಣ್ಣಿನಲ್ಲಿ ಬಿದ್ದಿದ್ದ, ಅವನ ಮೇಲೆ ಅರ್ಧ ಮೌಲಾಲಿ.

ಹುಡುಗಿಯನ್ನು ಒಬ್ಬ ಹೆಂಗಸು ಎದೆಗೆ ಅವಚಿಕೊಂಡು ದೂರದಲ್ಲಿ ನಿಂತಿದ್ದಳು. ತಾನು ಆ ಮಗುವಿನ ಜೀವ ಉಳಿಸಿದೆ ಅಂತಲೇ ಅವಳು ತಿಳಿದಿದ್ದಳು, ತಲೆ ಸವರುತ್ತಿದ್ದಳು. ಹುಡುಗಿ ಅವಳ ಕೈಯನ್ನು ಕಚ್ಚಿ ಕೆಳಗೆ ಜಾರಿದಳು. ಎಲ್ಲರೂ ನೋಡುತ್ತಿದ್ದಂತೆ ನೆಟ್ಟಗೆ ಬಿದ್ದವನ ಹತ್ತಿರ ಓಡಿದಳು. ಅವನ ಮುಖದ ಮಣ್ಣನ್ನು ಎರಡೂ ಅಂಗೈಯಿಂದ ಒರೆಸಿದಳು. ಬೆರಳುಗಳನ್ನು ಅವನ ಕಣ್ಣ ಮುಂದೆ ಹಿಡಿದು ಏನೇನೋ ಆಡಿಸಿದಳು. ಅವನು ಒಡೆದ ಕೈಯನ್ನು ಎತ್ತಲಾರದೆ ಎತ್ತಿ, ಬೆರಳಿನಿಂದಲೇ ಉತ್ತರ ಕೊಟ್ಟ. ಅವಳು ಅವನ ಎದೆಯ ಮೇಲೆ ತಲೆಯಿಟ್ಟು ಮಲಗಿದಳು.

ಆಗ ಎಲ್ಲರಿಗೂ ತಿಳಿಯಿತು. ಹುಡುಗಿ ಕಿವುಡಿ, ಮೂಕಿ. ಅವನು ಅವಳ ಅಪ್ಪ.

ಕಲ್ಲವ್ವ ಅಲ್ಲೇ ಕುಸಿದು, "ಯವ್ವಾ, ನಾ ಏನ ಮಾಡಿದೆ" ಅಂತ ಬಾಯಿ ಮುಚ್ಚಿಕೊಂಡಳು. ಶಿವಪುತ್ರ ಕಟ್ಟೆಯ ಮೇಲೆ ನಿಂತೇ ಇದ್ದ. ನಾನಿಲ್ಲದ ಅವನ ಕೈ ಇನ್ನೂ ಬಾಯಿಯ ಹತ್ತಿರವೇ ಇತ್ತು. ಅಷ್ಟರಲ್ಲಿ ಕರೆಂಟು ಬಂತು. ಸ್ವಿಚ್ಚು ಆರಿಸದೆ ಬಂದವರ ಮನೆಗಳಲ್ಲಿ ಮಗ್ಗಗಳು ತಮ್ಮಷ್ಟಕ್ಕೆ ತಾವೇ ಖಟಾಖಟಾ ಅನ್ನತೊಡಗಿದವು. ಆ ಸದ್ದಿಗಿಂತ ಭಯಂಕರವಾದದ್ದನ್ನು ನಾನು ಕೇಳಿಲ್ಲ.

ಅವನ ಹೆಸರು ದುಬರಾಜ. ಒಡಿಶಾದ ಕಡೆಯವನು, ನದಿಯಾಚೆಯ ಇಟ್ಟಿಗೆ ಭಟ್ಟಿಯಲ್ಲಿ ಹೆಂಡತಿಯೊಂದಿಗೆ ಕೂಲಿಗೆ ಬಂದವನು. ಮಗಳು ಕುನಿ. ಕಿವುಡ ಮಕ್ಕಳ ವಸತಿ ಶಾಲೆಯೊಂದು ಮುಂದಿನ ಊರಿನಲ್ಲಿದೆ ಅಂತ ಭಟ್ಟಿಯಲ್ಲಿ ಯಾರೋ ಹೇಳಿದ್ದರು. ಸೇರಿಸಲು ಕರೆದುಕೊಂಡು ಹೊರಟಿದ್ದ. ನಮ್ಮ ಊರಿನಲ್ಲಿ ಇಳಿದದ್ದು ಬಸ್ಸು ಬದಲಾಯಿಸಲು. ಅವ್ವನನ್ನು ಬಿಟ್ಟು ಹೊರಟದ್ದಕ್ಕೆ ಮಗು ಅಳುತ್ತಿತ್ತು.

ಅವನು ಬದುಕಿಕೊಂಡ. ಬಲಗೈ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ, ಇಟ್ಟಿಗೆ ಹೊರುವ ಕೈ ಅದು.

ಪೊಲೀಸರು ಬಂದಾಗ ನೀಲಾ ನನ್ನನ್ನು ತಾನೇ ಅವರ ಕೈಗೆ ಕೊಟ್ಟಳು. ಯಾರು ಯಾರು ಇದ್ದರು ಅಂತ ಕೇಳಿದರು. ಹೇಳಿದಳು. ಅವಳು ಕಟ್ಟೆಯ ಮೇಲಿಂದ ಕೂಗಿದ ಹೆಸರುಗಳನ್ನು ಊರೆಲ್ಲ ಕೇಳಿತ್ತು, ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಕೊನೆಯ ಹೆಸರು ಹೇಳುವಾಗ ಮಾತ್ರ ತಡೆದಳು. ಇನ್‌ಸ್ಪೆಕ್ಟರು, "ಮೈಕಿನಾಗ ಕೂಗಿದಾವ್ರು ಯಾರು?" ಅಂತ ಮತ್ತೆ ಕೇಳಿದರು. "ಶಿವಪುತ್ರ," ಅಂದಳು. "ನಮ್ಮ ಬಳಗದಾವ. ನನ್ನ ಗೆಳೆಯ." ಅಂದು ಗೋಡೆಯ ಕಡೆ ತಿರುಗಿ ನಿಂತಳು.

ಅಲ್ಲಿಂದ ಮುಂದೆ ನಾನು ಜಪ್ತಿಯಾದ ಸಾಮಾನು. ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟರು. ಪಕ್ಕದಲ್ಲಿ ದಾನಪ್ಪನ ಕಟ್ಟಿಗೆ, ಮಹಾಲಿಂಗನ ಬೂಟು. ನಾವು ಒಂದೇ ಸಾಲಿನಲ್ಲಿ ಕುಳಿತಿದ್ದೆವು. ನಾನು ಯಾರನ್ನೂ ಮುಟ್ಟಲೂ ಇಲ್ಲ ಅಂತ ಹೇಳಿಕೊಳ್ಳಬಹುದಿತ್ತು. ಆದರೆ ಆ ಕಟ್ಟಿಗೆಯನ್ನು ಮನೆಯಿಂದ ಹೊರಗೆ ಕರೆದದ್ದು ನಾನೇ.

ಹೊರಗಿನ ಸುದ್ದಿ ಕಾನ್‌ಸ್ಟೇಬಲ್‌ಗಳ ಮಾತಿನಲ್ಲಿ ಕಿವಿಗೆ ಬೀಳುತ್ತಿತ್ತು. ನೀಲಾಳ ಅಪ್ಪನಿಗೆ ಮಗ್ಗದ ಮಾಲೀಕ ಕೆಲಸ ಬಿಡಿಸಿದ. ಹನಿ ಹಾಕಲು ಹೋದರೆ ಅವಳ ಮುಖ ನೋಡಿ ಬಾಗಿಲು ಹಾಕಿಕೊಂಡರು. "ಊರ ಹೆಸರ ಕೆಡಿಸಿದಾಕಿ" ಅಂತ ಆಡಿಕೊಂಡರು. ಬಳಗ ಒಡೆಯಿತು, ಮೌಲಾಲಿ ಒಬ್ಬ ಉಳಿದ, ಹುಬ್ಬಿನ ಮೇಲೆ ಹೊಲಿಗೆಯ ಗುರುತಿನೊಂದಿಗೆ. ಇಬ್ಬರೂ ಸೇರಿ ಕುನಿಯನ್ನು ಆ ಶಾಲೆಗೆ ಸೇರಿಸಿದರಂತೆ, ದುಬರಾಜ ಆಸ್ಪತ್ರೆಯಲ್ಲಿದ್ದಾಗಲೇ.

ವಿಚಾರಣೆ ಶುರುವಾಗುವಷ್ಟರಲ್ಲಿ ಕೆಲವು ವರ್ಷ ಕಳೆದಿದ್ದವು. ನನ್ನ ಬಟ್ಟೆ ಬಿಚ್ಚಿ ಕೋರ್ಟಿನ ಮೇಜಿನ ಮೇಲೆ ಇಟ್ಟರು. ಸಾಕ್ಷಿಗಳು ಒಬ್ಬರ ಹಿಂದೆ ಒಬ್ಬರು ಕಟಕಟೆ ಹತ್ತಿದರು. ಎಲ್ಲ ಪರಿಚಿತ ಮುಖಗಳು. ಸೈರನ್ ಕೇಳಿಸಿತೇ ಅಂತ ಸರ್ಕಾರಿ ವಕೀಲರು ಕೇಳಿದರು.

"ಇಲ್ಲರಿ. ಮಗ್ಗದ ಸಪ್ಪಳದಾಗ ಏನೂ ಕೇಳಲಿಲ್ಲರಿ."

ಇನ್ನೊಬ್ಬ: "ಮಗ್ಗದ ಮ್ಯಾಲಿದ್ದೆರಿ. ಸಪ್ಪಳರಿ."

ಮತ್ತೊಬ್ಬಳು: "ಹಗಲೆಲ್ಲಾ ಸಪ್ಪಳರಿ ಸಾಹೇಬ್ರ, ನಮ್ಮೂರಾಗ."

ಆ ಹೊತ್ತು ಊರಿನಲ್ಲಿ ಕರೆಂಟೇ ಇರಲಿಲ್ಲ, ಒಂದು ಮಗ್ಗವೂ ನಡೆಯುತ್ತಿರಲಿಲ್ಲ ಅಂತ ಸರ್ಕಾರಿ ವಕೀಲರು ತೋರಿಸಿದರು. ಸಾಕ್ಷಿ ತಲೆ ಕೆಳಗೆ ಹಾಕಿದ, ಆದರೂ "ಕೇಳಲಿಲ್ಲರಿ" ಅಂದ. ನನಗೆ ಬಸ್ ಸ್ಟ್ಯಾಂಡಿನಲ್ಲಿ ಆದ ಆಘಾತ ಒಂದು ಥರ, ಇದು ಇನ್ನೊಂದು ಥರ. ಅವತ್ತು ಅವರಿಗೆ ಬುದ್ಧಿ ಇರಲಿಲ್ಲ. ಇವತ್ತು ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು.

ನೀಲಾ ಕಟಕಟೆಗೆ ಬಂದಳು. ಎದುರು ವಕೀಲರು, "ಈ ಮೈಕ ನಿಮ್ಮದ ಅಲ್ಲೇನಮ್ಮ? ನಿಮ್ಮ ಸಂಘದ್ದ ಅಲ್ಲೇನು?" ಅಂತ ಕೆಣಕಿದರು.

"ನಮ್ಮದರಿ," ಅಂದಳು. "ಅದಕ್ಕ ನಾ ಇಲ್ಲಿ ನಿಂತೇನಿ."

ಆಪಾದಿತರ ಸಾಲಿನಲ್ಲಿ ಶಿವಪುತ್ರ ಕೊನೆಗೆ ಕುಳಿತಿದ್ದ. ಕೂದಲು ಅಲ್ಲಲ್ಲಿ ನೆರೆತಿತ್ತು, ಅವನ ವಯಸ್ಸಿಗೆ ಅದು ಬೇಗ. ಅವನ ಸರದಿ ಬಂದಾಗ ವಕೀಲರು ಹೇಳಿಕೊಟ್ಟಿದ್ದು, ಎಲ್ಲವೂ ಸುಳ್ಳು ಅನ್ನಬೇಕು ಅಂತ. ಅವನು ಎದ್ದು ನಿಂತ. ನ್ಯಾಯಾಧೀಶರನ್ನು ನೋಡಲಿಲ್ಲ, ಹಿಂದಿನ ಬೆಂಚಿನಲ್ಲಿ ಮಡಚಿದ ಕೈಯೊಂದಿಗೆ ಕುಳಿತಿದ್ದ ದುಬರಾಜನನ್ನು ನೋಡಿದ.

"ಖರೇ ಐತ್ರಿ. ನಾನ ಕೂಗಿದ್ದು," ಅಂದ. ಆ ಕಂಚಿನ ಕಂಠ ಎಲ್ಲೋ ಹೋಗಿತ್ತು. ಎಷ್ಟು ಸಣ್ಣ ದನಿಯಲ್ಲಿ ಹೇಳಿದನೆಂದರೆ ಬರೆದುಕೊಳ್ಳುವವರು ಎರಡನೇ ಸಲ ಹೇಳಿಸಿದರು. ಅವನು ಎರಡನೇ ಸಲವೂ ಹೇಳಿದ.

ಅವನಿಗೂ ಇನ್ನು ಮೂವರಿಗೂ ಶಿಕ್ಷೆಯಾಯಿತು. ಉಳಿದವರು ಸಾಕ್ಷಿ ಸಾಲದೆ ಮನೆಗೆ ಹೋದರು. ತಿಂಗಳಿಗೊಮ್ಮೆ ಜೈಲಿಗೆ ಹೋಗಿ ಅವನನ್ನು ನೋಡಿ ಬರುವವಳು ನೀಲಾ ಅಂತ ಆಮೇಲೆ ತಿಳಿಯಿತು. ಅಲ್ಲಿ ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ.

ಕೇಸು ಮುಗಿದ ಮೇಲೆ ಜಪ್ತಿ ಸಾಮಾನನ್ನು ಅದರವರಿಗೆ ಒಪ್ಪಿಸುವ ಆದೇಶವಾಯಿತು. ಕಟ್ಟಿಗೆಯನ್ನು, ಬೂಟನ್ನು ಕೇಳಿಕೊಂಡು ಯಾರೂ ಬರಲಿಲ್ಲ. ನನ್ನನ್ನು ಕೇಳಿಕೊಂಡು ನೀಲಾ ಬಂದಳು. ಅವಳು ಈಗ ಪಕ್ಕದ ಹಳ್ಳಿಯ ಶಾಲೆಯಲ್ಲಿ ಟೀಚರ್. ದಾರಿಯುದ್ದಕ್ಕೂ ಬಸ್ಸಿನಲ್ಲಿ ನನ್ನನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕುಳಿತಳು, ಬಾಯಿ ಮುಚ್ಚಿದ ಹಾಗೆ.

ನನಗೀಗ ವಯಸ್ಸಾಗಿದೆ. ಬಾಯಿಯ ಅಂಚು ಸೀಳಿದೆ, ಗುಂಡಿಯನ್ನು ಎರಡು ಸಲ ಒತ್ತಬೇಕು. ಹಿಂದೆ ಸುಂಕ ಕಟ್ಟಿಸಿಕೊಳ್ಳುತ್ತಿದ್ದ ಹಳೆಯ ಜಕಾತಿ ಕಟ್ಟೆಯ ಕೋಣೆಯಲ್ಲಿ ಬಳಗ ಮತ್ತೆ ಸೇರುತ್ತದೆ, ಬಂದವರೆಲ್ಲ ಹೊಸ ಹುಡುಗ ಹುಡುಗಿಯರು. ಕಲ್ಲವ್ವನ ಮೊಮ್ಮಗಳೂ ಒಬ್ಬಳು. ರಜೆಯಲ್ಲಿ ಕುನಿ ಬರುತ್ತಾಳೆ, ಅವಳೀಗ ಎತ್ತರದ ಹುಡುಗಿ. ಉಳಿದವರಿಗೆ ಬೆರಳಿನ ಮಾತು ಕಲಿಸುತ್ತಾಳೆ. ಅವರೆಲ್ಲ ಸದ್ದಿಲ್ಲದೆ ಜಗಳವಾಡುವುದನ್ನು, ಸದ್ದಿಲ್ಲದೆ ನಗುವುದನ್ನು ನಾನು ಕಪಾಟಿನ ಮೇಲಿಂದ ನೋಡುತ್ತೇನೆ. ಅಷ್ಟು ಮಾತು, ಒಂದು ದನಿಯೂ ಇಲ್ಲದೆ. ನಾನು ಹುಟ್ಟಿದಾಗಿನಿಂದ ದೊಡ್ಡ ದನಿಯೇ ದೊಡ್ಡದು ಅಂದುಕೊಂಡಿದ್ದೆ.

ಇವತ್ತು ಬೆಳಗ್ಗೆ ಇಬ್ಬರು ಹುಡುಗರು ಏದುಸಿರು ಬಿಡುತ್ತ ಬಂದರು. "ಅಕ್ಕಾ, ಮೈಕ ಕೊಡ್ರಿ. ನಳದ ನೀರಾಗ ವಿಷ ಕೂಡೇತಂತ, ಊರಿಗೆಲ್ಲಾ ಹೇಳಬೇಕು."

ನೀಲಾ ನನ್ನ ಮೇಲೆ ಕೈಯಿಟ್ಟಳು. "ಯಾರು ಕುಡದಾರ? ಯಾರಿಗೇನಾಗೇತಿ? ನೀವು ನೋಡೀರೇನು?"

ಒಬ್ಬ ಮೊಬೈಲ್ ತೆಗೆದು ತೋರಿಸಿದ. "ಮೊಬೈಲಿನಾಗ ಬಂದೈತ್ರಿ."

ಅವಳು ಮೌಲಾಲಿಗೆ ಫೋನ್ ಮಾಡಿ ನೀರಿನ ಟಾಕಿಯ ಹತ್ತಿರ ಹೋಗಿ ವಿಚಾರಿಸಲು ಹೇಳಿದಳು. ಹುಡುಗರಿಗೆ, "ನೀವಿಬ್ಬರೂ ಆಸ್ಪತ್ರಿಗೆ ಓಡ್ರಿ. ಡಾಕ್ಟರನ್ನ ಕೇಳ್ರಿ. ಖರೇ ಇದ್ರ ಊರಿಗೆಲ್ಲಾ ನಾನ ಮೊದಲ ಕೂಗ್ತೇನಿ," ಅಂದಳು.

ಅವರು ಓಡಿದರು. ಅವಳು ಡಬ್ಬಿಯಿಂದ ಸೆಲ್ಲುಗಳನ್ನು ತೆಗೆದು ನನ್ನೊಳಗೆ ಹಾಕಿದಳು. ಆಮೇಲೆ ನನ್ನನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕುಳಿತಳು. ಇಬ್ಬರೂ ರಸ್ತೆ ನೋಡುತ್ತಿದ್ದೇವೆ. ಕೇಳಲು ಹೋದವರು ಇನ್ನೂ ಬಂದಿಲ್ಲ.